ಗೆರೆಯ ಹುಟ್ಟು



ತನ್ನ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಉಪಾಧ್ಯಾಯನು ನಿವೃತ್ತನಾಗುವವರೆಗೆ ಕಾಯಬೇಕಾಗಿಲ್ಲ. ಆದರೆ ನಾನು ಕಾದೆನು. ಸುಮಾರು ಮೂವತ್ತು ವರ್ಷಗಳ ಹಿಂದೆ, ಚಿತ್ರಲೇಖನದ ಉಪಾಧ್ಯಾಯರು ರಜದ ಮೇಲಿದ್ದುದರಿಂದ ಅವರ ತರಗತಿಯು ನನ್ನ ಪಾಲಿಗೆ ಬಂದಿತು. ಮೇಜಿನ ಮೇಲೊಂದು ಕೊಡವನ್ನಿರಿಸಿ, ಕಂಡಂತೆ ಬರೆಯಿರೆಂದು ಹೇಳಿದೆನು. ಮಕ್ಕಳೆಲ್ಲರೂ ಕೊಡದ ಅಂಚಿನಿಂದ ತೊಡಗಿದರು. ಶಿಲ್ಪಿಗಳ ಮನೆಯ ಹುಡುಗನೊಬ್ಬನು ಮಾತ್ರ ಹಾಳೆಯ ನಡುವೆ ನೆಟ್ಟಗೆ ಒಂದು ಗೆರೆಯನ್ನೆಳೆದು, ಅದನ್ನು ಸಮಭಾಗಗಳಾಗಿ ಗುರುತಿಸಿ, ಎರಡು ಪಕ್ಕಗಳನ್ನೂ ತೂಗಿದಂತೆ ಬರೆದನು. ನೆರಳಿಲ್ಲ, ಬೆಳಕಿಲ್ಲ, ದೂರಸಮೀಪಗಳ ಭೇದವಿಲ್ಲ. "ನೀನು ಕೊಡವನ್ನು ನೋಡಲೇ ಇಲ್ಲ" ಎಂದು ಗದರಿಸಿ, ಹತ್ತಕ್ಕೆ ಮೂರು ಅಂಕಗಳನ್ನಿತ್ತೆನು.

ಆ ನಡುಗೆರೆಗೆ ಬ್ರಹ್ಮಸೂತ್ರವೆಂದು ಹೆಸರು. ಸಂಸ್ಕೃತವನ್ನೋದಿದವನೆಂಬ ಹೆಮ್ಮೆಯಿದ್ದ ನನಗೆ ಆ ಶಬ್ದವು ಬಾದರಾಯಣರ ಗ್ರಂಥವೆಂದು ಮಾತ್ರ ತಿಳಿದಿತ್ತು! ಶಿಲ್ಪಶಾಸ್ತ್ರದಲ್ಲಿ ಅದು ಮೂರ್ತಿಯ ನಡುವೆ ಇಳಿಯುವ ಲಂಬರೇಖೆ. ಮುಖದ ಉದ್ದವು ಒಂದು ತಾಲ, ಎಂದರೆ 12 ಅಂಗುಲ. ನವತಾಲದ ಮೂರ್ತಿಗೆ 108 ಅಂಗುಲ. ಈ ಅಂಗುಲವು ಅಳತೆಪಟ್ಟಿಯದಲ್ಲ, ಆ ಮೂರ್ತಿಯದೇ ಒಂದು ಪಾಲು. ಶಿಲ್ಪಿಗೆ ಬೇಕಾದುದು ವಸ್ತುವು ಒಂದೆಡೆಯಿಂದ ತೋರುವ ಬಗೆಯಲ್ಲ. ಕಲ್ಲಿನಲ್ಲಿ ನಿಲ್ಲಬೇಕಾದ ಪ್ರಮಾಣ.

ನಾನು ಬಯಸಿದ ದೂರಸಮೀಪಗಳ ಲೇಖನವಾದರೂ ನಿಸರ್ಗದತ್ತವಾದುದಲ್ಲ. ಅದು ಹದಿನೈದನೆಯ ಶತಮಾನದ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿಯು ತೋರಿಸಿಕೊಟ್ಟು, 1435ರಲ್ಲಿ ಆಲ್ಬರ್ಟಿಯು ಗ್ರಂಥಸ್ಥಗೊಳಿಸಿದ ವಿದ್ಯೆ. ಚಿತ್ರಪಟವು ತೆರೆದ ಕಿಟಕಿಯಂತೆಂಬುದು ಅವನ ಮತ. ಒಂದು ಊರಿನ ಪದ್ಧತಿಯನ್ನು ನಾನು ಕಣ್ಣಿನ ಧರ್ಮವೆಂದೇ ತಿಳಿದಿದ್ದೆನು.

ಇಷ್ಟೇಕೆ? ಬರಿಯ ವೃತ್ತವನ್ನು ಬರೆಯುವಾಗಲೂ ಕೈಯು ತನ್ನ ಮನೆಯನ್ನು ಮರೆಯದು. ಗೂಗಲ್ ಸಂಸ್ಥೆಯು 2016ರಲ್ಲಿ ಹೊರತಂದ ಚಿತ್ರ ಬರೆಯುವ ಆಟವೊಂದರ ವೃತ್ತಗಳನ್ನು ಮರುವರ್ಷ ಪರಿಶೀಲಿಸಿದಾಗ, ಅಮೆರಿಕದವರಲ್ಲಿ ಹೆಚ್ಚಿನವರು ಅಪ್ರದಕ್ಷಿಣವಾಗಿಯೂ, ಜಪಾನಿನವರಲ್ಲಿ ಹೆಚ್ಚಿನವರು ಪ್ರದಕ್ಷಿಣವಾಗಿಯೂ ಬರೆದುದು ಕಂಡುಬಂದಿತು. ಅಕ್ಷರಾಭ್ಯಾಸದಲ್ಲಿ ಕೈಗೆ ಬಿದ್ದ ರೂಢಿಯೇ ಇದಕ್ಕೆ ಕಾರಣವಿರಬೇಕೆಂದು ಪರಿಶೀಲಿಸಿದವರು ಊಹಿಸಿದರು.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರರಾಜನು ಮೂರ್ತಿಲಕ್ಷಣವನ್ನು ಕೇಳಲು, ಮಾರ್ಕಂಡೇಯನು ಮೊದಲು ಚಿತ್ರವನ್ನೂ, ಅದಕ್ಕಾಗಿ ನೃತ್ಯವನ್ನೂ, ಅದಕ್ಕಾಗಿ ವಾದ್ಯಗೀತಗಳನ್ನೂ ಅರಿಯಬೇಕೆನ್ನುತ್ತಾನೆ. ಗೆರೆಯೊಂದರ ಹಿಂದೆ ಇಡಿಯ ಬಾಳಿನ ಸಂಸ್ಕಾರವಿದೆಯೆಂದು ತಾನೆ ಇದರ ತಾತ್ಪರ್ಯ?

ಆ ಹುಡುಗನು ಮತ್ತೆ ನನ್ನ ಮುಂದೆ ಚಿತ್ರವನ್ನು ಬರೆಯಲಿಲ್ಲ. ಅವನ ತಂದೆಯ ಉಳಿಯ ಸದ್ದು ಶಾಲೆಯವರೆಗೆ ಕೇಳಿಸುತ್ತಿತ್ತು. ಹೋಗಿ ನೋಡುವಷ್ಟು ವಿನಯವು ಆಗ ನನ್ನಲ್ಲಿರಲಿಲ್ಲ.

ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಮಗುವು ತನ್ನ ಚಿತ್ರವನ್ನು ತಂದು ತೋರಿಸಿದಾಗ ತಿದ್ದುವುದಕ್ಕೆ ಅವಸರಪಡಬೇಡಿರಿ. "ಮೊದಲನೆಯ ಗೆರೆಯನ್ನು ಎಲ್ಲಿಂದ ಎಳೆದೆ? ಅಲ್ಲಿಂದಲೇ ಏಕೆ?" ಎಂದು ಕೇಳಿರಿ. ನಾನು ಕೇಳದೆ ಹೋದ ಪ್ರಶ್ನೆಯು ಇದೇ.