ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಸಮುದ್ರವೇ ಇಲ್ಲದ ದಾವಣಗೆರೆಯ ವಿದ್ಯಾರ್ಥಿಗೆ ಹಡಗಿನ ಕಪ್ತಾನನ ಗೊಡವೆ ಏಕೆಂದು ಮಿತ್ರರು ನಗಬಹುದು. ವಿಜ್ಞಾನ ಓದುತ್ತಿರುವ ನನ್ನ ತಮ್ಮನಿಗೆ ಕಡಲಿಗೆ ಹೋಗುವ ಹಂಬಲ. ಮೊನ್ನೆ ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಕುಳಿತು, "ಅಣ್ಣಾ, ಪರದೇಶದ ಹಡಗಿಗೆ ನಮ್ಮವರು ಕಪ್ತಾನರಾಗಬಹುದೇ?" ಎಂದು ಕೇಳಿದ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಹರಿಗೋಲು ಹತ್ತುವವನು ಅಂಬಿಗನ ಊರನ್ನು ಕೇಳುವುದಿಲ್ಲ. ಸುಳಿ ಎಲ್ಲಿದೆಯೆಂದು ಅವನಿಗೆ ಗೊತ್ತಿದ್ದರೆ ಸಾಕು. ಆದರೆ ವಾಣಿಜ್ಯ ನೌಕೆಗಳ ವಿಷಯದಲ್ಲಿ ಹಲವು ರಾಷ್ಟ್ರಗಳ ರೀತಿಯೇ ಬೇರೆ. ಪರದೇಶೀಯರು ತನ್ನ ವ್ಯಾಪಾರಿ ಹಡಗಿನ ಕಪ್ತಾನರಾಗಕೂಡದೆಂದು ಬ್ರಿಟನ್ 1919ರಲ್ಲಿ ಶಾಸನ ಮಾಡಿತು. ಅಮೆರಿಕದ ಧ್ವಜ ಹೊತ್ತ ಹಡಗಿನ ಕಪ್ತಾನ, ಮುಖ್ಯ ಇಂಜಿನಿಯರ್ ಇಂದಿಗೂ ಆ ದೇಶದ ಪೌರರೇ ಆಗಿರಬೇಕು. ಲೈಬೀರಿಯದ ಹಡಗುಗಳಿಗೆ ಇಂಥ ಕಟ್ಟಿಲ್ಲ.

ಈ ಕಟ್ಟುಪಾಡಿನ ಪರವಾಗಿಯೂ ನ್ಯಾಯವುಂಟು. ನಡುಗಡಲಿನಲ್ಲಿ ಶಾಂತಿ ಕಾಯುವವನೂ, ಜನನ ಮರಣ ದಾಖಲಿಸುವವನೂ ಕಪ್ತಾನನೇ. ಆದರೆ ಸ್ಪೇನ್ ಮತ್ತು ಜರ್ಮನಿಯ ವ್ಯಾಜ್ಯಗಳಲ್ಲಿ ಐರೋಪ್ಯ ನ್ಯಾಯಾಲಯ 2003ರಲ್ಲಿ ಒಂದು ವಿವೇಕದ ಮಾತು ಹೇಳಿತು: ಇಂಥ ಸರಕಾರಿ ಅಧಿಕಾರವನ್ನು ಕಪ್ತಾನನು ನಿಯತವಾಗಿ ಚಲಾಯಿಸುತ್ತಿದ್ದರೆ ಮಾತ್ರ ಒಕ್ಕೂಟದ ಇತರ ದೇಶದವರನ್ನು ಆ ಹುದ್ದೆಯಿಂದ ಹೊರಗಿಡಬಹುದು, ಎಲ್ಲೋ ಒಮ್ಮೆ ಚಲಾಯಿಸುವುದು ಸಾಲದು.

ನಮ್ಮ ಅನುಭವವೇನು? ಪರತಂತ್ರ ಭಾರತದಲ್ಲಿ ನಮ್ಮವರು ಖಲಾಸಿಗಳಾಗಿ ಬೆವರು ಸುರಿಸಿದರು. ಅಧಿಕಾರಿಗಳ ಸ್ಥಾನ ಬಹುಮಟ್ಟಿಗೆ ಆಂಗ್ಲರ ಪಾಲಾಗಿತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ 'ಲಾಯಲ್ಟಿ' ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಹಡಗು ನಮ್ಮದಾಯಿತು. ಆದರೆ ನಮ್ಮ ತರುಣರನ್ನು ಅಧಿಕಾರಿಗಳನ್ನಾಗಿ ತಯಾರಿಸುವ 'ಡಫರಿನ್' ತರಬೇತಿ ಹಡಗು ಆರಂಭವಾದದ್ದು 1927ರಲ್ಲಿ. ಹಡಗಿನ ಒಡೆತನ ಬಂದ ಮಾತ್ರಕ್ಕೆ ಕಪ್ತಾನರು ಹುಟ್ಟುವುದಿಲ್ಲ. ಅವರನ್ನು ಶಿಕ್ಷಣ ರೂಪಿಸಬೇಕು.

ಇಂದು ಭಾರತೀಯರು ಅನ್ಯಧ್ವಜದ ಅನೇಕ ಹಡಗುಗಳನ್ನು ನಡೆಸುತ್ತಿದ್ದಾರೆ. ಎಲ್ಲ ರಾಷ್ಟ್ರಗಳೂ ಬಾಗಿಲು ಮುಚ್ಚಿದರೆ ಮೊದಲು ಹೊರಗುಳಿಯುವವರಲ್ಲಿ ನಮ್ಮ ತಮ್ಮಂದಿರೂ ಇರುತ್ತಾರೆ. ಅನ್ಯರ ಬಾಗಿಲು ತೆರೆದಿರಲಿ ಎನ್ನುವ ನಾವು ನಮ್ಮ ಬಾಗಿಲಿಗೆ ಅಗುಳಿ ಹಾಕುವುದು ತರವಲ್ಲ. ನಾವಿಕರ ತರಬೇತಿಗೂ ಪ್ರಮಾಣಪತ್ರಕ್ಕೂ 1978ರ ಅಂತರರಾಷ್ಟ್ರೀಯ ಒಪ್ಪಂದ ಸಮಾನವಾದ ಅಳತೆಗೋಲನ್ನು ಕೊಟ್ಟಿದೆ. ಆ ಅಳತೆಗೆ ನಿಂತವನ ಹುಟ್ಟೂರನ್ನು ಕೇಳಬೇಕಾಗಿಲ್ಲ.

ಆದರೆ ಯೋಗ್ಯತೆಯೊಂದೇ ಸಾಕೆನ್ನುವವರು ಯೋಗ್ಯತೆ ಗಳಿಸುವ ದಾರಿಯನ್ನೂ ತೋರಿಸಬೇಕು. ಬಯಲುಸೀಮೆಯ ಬಡ ಹುಡುಗನಿಗೂ ಆ ಶಿಕ್ಷಣ ಎಟುಕಬೇಕು. ನಮ್ಮ ನದಿ ಕೃಷ್ಣೆಯನ್ನು ಕೂಡಿ ಕಡಲನ್ನು ಸೇರುತ್ತದೆ. ಅದರ ದಂಡೆಯ ಹುಡುಗರೂ ಸೇರುವಂತಾಗಲಿ.