ಮಂಪರು ಪರೀಕ್ಷೆ: ನರಮಂಡಲ ಹೇಳುವುದೆಷ್ಟು, ತನಿಖೆ ಕೇಳುವುದೆಷ್ಟು?

ಬೆಂಗಳೂರು: ಜನರನ್ನು ತಲ್ಲಣಗೊಳಿಸುವ ಅಪರಾಧವೊಂದು ನಡೆದರೆ ಸಾಕು, ಆರೋಪಿಯನ್ನು ಮಂಪರು ಪರೀಕ್ಷೆಗೆ ಒಳಪಡಿಸಬೇಕೆಂಬ ಕೂಗು ಏಳುತ್ತದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ವೈದ್ಯೆಯ ಕೊಲೆ ಪ್ರಕರಣದಲ್ಲಿ ಸಿಬಿಐ ಸುಳ್ಳು ಪತ್ತೆ ಪರೀಕ್ಷೆ ನಡೆಸಿತು. ಬಿಹಾರದ ವರದಕ್ಷಿಣೆ ಪ್ರಕರಣವೊಂದರಲ್ಲಂತೂ ಜಾಮೀನು ಅರ್ಜಿಯ ವಿಚಾರಣೆಯ ವೇಳೆಯೇ ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುವುದಾಗಿ ತನಿಖಾಧಿಕಾರಿ ಹೇಳಿದರು. ಪಟ್ನಾ ಹೈಕೋರ್ಟ್ ಅದನ್ನು ಒಪ್ಪಿಕೊಂಡಿತು. ಸುಪ್ರೀಂ ಕೋರ್ಟ್ 2025ರ ಜೂನ್ 9ರಂದು ಆ ಆದೇಶವನ್ನು ರದ್ದುಗೊಳಿಸಿದೆ. ಹದಿನೈದು ವರ್ಷಗಳ ಹಿಂದೆಯೇ ಇತ್ಯರ್ಥವಾದ ವಿಷಯವನ್ನು ನ್ಯಾಯಾಲಯ ಮತ್ತೆ ಹೇಳಬೇಕಾಗಿ ಬಂದದ್ದೇ ಸಮಸ್ಯೆಯ ಆಳವನ್ನು ಸೂಚಿಸುತ್ತದೆ.

ಆ ಇತ್ಯರ್ಥದ ಮೂಲ ಇರುವುದು ಕರ್ನಾಟಕದಲ್ಲಿ. ಬೆಂಗಳೂರಿನ ಕೋರಮಂಗಲ ಪೊಲೀಸ್ ಠಾಣೆಯ ಪ್ರಕರಣವೊಂದರಲ್ಲಿ ರಾಜ್ಯ ಹೈಕೋರ್ಟ್ 2004ರಲ್ಲಿ ಮಂಪರು ಪರೀಕ್ಷೆಗೆ ಸಮ್ಮತಿ ನೀಡಿತ್ತು. ಆ ಕಾಲಕ್ಕೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಈ ಪರೀಕ್ಷೆಗೆ ದೇಶದಲ್ಲೇ ಹೆಸರುವಾಸಿಯಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ ಮಂಪರಿನಲ್ಲಿ ತೊದಲಿದ ದೃಶ್ಯಗಳು ಟಿ.ವಿ. ಪರದೆಯ ಮೇಲೂ ಬಂದವು. ನ್ಯಾಯಾಲಯಕ್ಕಿಂತ ಮೊದಲು ವಾಹಿನಿಗಳೇ ಅದನ್ನು ಸಾಕ್ಷ್ಯವೆಂದು ಸ್ವೀಕರಿಸಿಬಿಟ್ಟಿದ್ದವು ಎಂದರೆ ತಪ್ಪಾಗದು. ಹೈಕೋರ್ಟ್ ತೀರ್ಪಿನ ವಿರುದ್ಧದ ಮೇಲ್ಮನವಿಯೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣ. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಪೀಠ 2010ರ ಮೇ 5ರಂದು ನೀಡಿದ ತೀರ್ಪಿನ ಪ್ರಕಾರ, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳು ಪತ್ತೆ ಅಥವಾ ಬ್ರೈನ್ ಮ್ಯಾಪಿಂಗ್ ಪರೀಕ್ಷೆ ನಡೆಸುವುದು ಸಂವಿಧಾನದ 20(3) ಹಾಗೂ 21ನೇ ವಿಧಿಗಳ ಉಲ್ಲಂಘನೆ. ಒಪ್ಪಿಗೆ ಪಡೆದು ನಡೆಸಿದಾಗಲೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆನಂತರ ಪತ್ತೆಯಾದ ವಸ್ತು ಅಥವಾ ಮಾಹಿತಿಗೆ ಮಾತ್ರ ಮಾನ್ಯತೆ.

ಕಾನೂನಿನ ಮಾತು ಹಾಗಿರಲಿ. ಈ ಪರೀಕ್ಷೆಗಳು ದೇಹದಲ್ಲಿ ನಿಜಕ್ಕೂ ಅಳೆಯುವುದೇನನ್ನು?

ಬೆವರಿಗೆ ಕಾರಣ ಗೊತ್ತಿಲ್ಲ

ಸುಳ್ಳು ಪತ್ತೆ ಯಂತ್ರ ಸುಳ್ಳನ್ನು ಅಳೆಯುವುದಿಲ್ಲ. ನಾಡಿ ಬಡಿತ, ರಕ್ತದೊತ್ತಡ, ಉಸಿರಾಟ ಮತ್ತು ಅಂಗೈ ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಾಗುವ ಬದಲಾವಣೆಯನ್ನಷ್ಟೇ ಅದು ದಾಖಲಿಸುತ್ತದೆ. ಇವೆಲ್ಲವೂ ಮನುಷ್ಯನ ಇಚ್ಛೆಯನ್ನು ಕಾಯದೆ ಕೆಲಸ ಮಾಡುವ ಸ್ವನಿಯಂತ್ರಿತ ನರಮಂಡಲದ ಅಧೀನದಲ್ಲಿವೆ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳು ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಅಣಿಗೊಳಿಸುತ್ತದೆ. ಆದರೆ ಅಪರಾಧಿಯ ಅಳುಕು, ನಿರಪರಾಧಿಯ ಭಯ, ಅವಮಾನಿತನ ಸಿಟ್ಟು ಇವು ಮೂರೂ ಎದೆಬಡಿತವನ್ನು ಏರಿಸುವುದು ಒಂದೇ ರೀತಿಯಲ್ಲಿ. ಕಾರಣ ಯಾವುದೆಂಬುದು ಕಾಗದದ ಮೇಲಿನ ಗೆರೆಯಲ್ಲಿ ಮೂಡುವುದಿಲ್ಲ.

ಮಂಪರು ಪರೀಕ್ಷೆಯ ಕಥೆ ಇನ್ನೂ ದುರ್ಬಲ. ಸೋಡಿಯಂ ಪೆಂಟೊಥಾಲ್ ಮೂಲತಃ ಶಸ್ತ್ರಚಿಕಿತ್ಸೆಗೆ ಬಳಸುವ ಅರಿವಳಿಕೆ ಔಷಧ. ನರಕೋಶಗಳ ಚಟುವಟಿಕೆಗೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಇದು ಹೆಚ್ಚಿಸುತ್ತದೆ. ವಿವೇಚನೆಯ ಹಿಡಿತ ಸಡಿಲವಾಗಿ ವ್ಯಕ್ತಿ ಮಾತುಗಾರನಾಗುತ್ತಾನೆ, ನಿಜ. ಆದರೆ ಆ ಸ್ಥಿತಿಯಲ್ಲಿ ಕಲ್ಪನೆಯೂ ಆಸೆಯೂ ನೆನಪಿನೊಡನೆ ಬೆರೆಯುತ್ತವೆ. ಪ್ರಶ್ನೆ ಕೇಳುವವರು ಸೂಚಿಸಿದ್ದನ್ನೇ ಆತ ಒಪ್ಪಿಬಿಡುವ ಸಂಭವವೂ ಹೆಚ್ಚು. ಕುಡಿದವನ ಮಾತನ್ನು ಯಾವ ನ್ಯಾಯಾಧೀಶರೂ ಪ್ರಮಾಣವಾಗಿ ತೆಗೆದುಕೊಳ್ಳುವುದಿಲ್ಲವಷ್ಟೆ!

ನಿಮ್ಹಾನ್ಸ್‌ನ ಎರಡು ಮುಖ

ಮೂರನೆಯದು ಬ್ರೈನ್ ಮ್ಯಾಪಿಂಗ್. ಆರೋಪಿಯ ತಲೆಗೆ ವಿದ್ಯುದ್ವಾರಗಳುಳ್ಳ ಟೋಪಿ ತೊಡಿಸಿ, ಘಟನೆಗೆ ಸಂಬಂಧಿಸಿದ ವಾಕ್ಯಗಳನ್ನು ಕೇಳಿಸಲಾಗುತ್ತದೆ. ಆತ ಬಾಯಿ ತೆರೆಯಬೇಕಿಲ್ಲ. ಪರಿಚಿತ ಅಥವಾ ಮಹತ್ವದ ಸಂಗತಿ ಎದುರಾದಾಗ ಸುಮಾರು 300 ಮಿಲಿಸೆಕೆಂಡಿನ ನಂತರ ಮಿದುಳಿನಲ್ಲಿ 'ಪಿ-300' ಎಂಬ ವಿದ್ಯುತ್ ಅಲೆ ಏಳುತ್ತದೆ ಎಂಬುದು ವಿಜ್ಞಾನ ಒಪ್ಪಿದ ಸಂಗತಿ. ಭಾರತದಲ್ಲಿ ಬಳಕೆಗೆ ಬಂದ 'ಬಿಯೋಸ್' ವಿಧಾನ ಇದಕ್ಕಿಂತ ಬಹಳ ಮುಂದೆ ಹೋಯಿತು. ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಇದನ್ನು ರೂಪಿಸಿದವರು. ಒಬ್ಬಾತ ಸಂಗತಿಯನ್ನು ಕೇಳಿ ತಿಳಿದಿದ್ದಾನೋ ಅಥವಾ ಸ್ವತಃ ಮಾಡಿ ಅನುಭವಿಸಿದ್ದಾನೋ ಎಂಬುದನ್ನೂ ಇದು ಬೇರ್ಪಡಿಸಬಲ್ಲದು ಎಂಬುದೇ ಅದರ ದೊಡ್ಡ ಹಕ್ಕೊತ್ತಾಯ.

2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯ ಈ ಮಾತನ್ನು ನಂಬಿತು. ಪ್ರಸಾದದಲ್ಲಿ ವಿಷ ಬೆರೆಸಿ ಮಾಜಿ ಪ್ರಿಯಕರನನ್ನು ಕೊಂದ ಆರೋಪ ಹೊತ್ತಿದ್ದ ವಿದ್ಯಾರ್ಥಿನಿಗೆ ಜೀವಾವಧಿ ಶಿಕ್ಷೆಯಾಯಿತು. ಆಕೆಯ ಮಿದುಳಿನಲ್ಲಿ ಅಪರಾಧದ 'ಅನುಭವ ಜ್ಞಾನ' ಇದೆಯೆಂಬ ವರದಿಯನ್ನು ತೀರ್ಪು ಎತ್ತಿ ಹಿಡಿದಿತ್ತು. ಬಾಂಬೆ ಹೈಕೋರ್ಟ್ ಬಳಿಕ ಆಕೆಗೆ ಜಾಮೀನು ನೀಡಿತು. ವಿಶೇಷವೆಂದರೆ, ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿಯೇ ಅದೇ ವರ್ಷ ಈ ವಿಧಾನ ಅವೈಜ್ಞಾನಿಕವೆಂದೂ ತನಿಖೆಗಾಗಲಿ ಸಾಕ್ಷ್ಯಕ್ಕಾಗಲಿ ಬಳಸಬಾರದೆಂದೂ ಅಭಿಪ್ರಾಯಪಟ್ಟಿತು. ವಿಧಾನವನ್ನು ರೂಪಿಸಿದವರು ದುಡಿದ ಸಂಸ್ಥೆಯ ಮುಖ್ಯಸ್ಥರೇ ಅದನ್ನು ತಿರಸ್ಕರಿಸಿದಂತಾಯಿತು.

ತೊಡಕು ಇರುವುದು ನೆನಪಿನ ಸ್ವರೂಪದಲ್ಲಿಯೇ. ಮಿದುಳು ಘಟನೆಗಳನ್ನು ಕ್ಯಾಸೆಟ್‌ನಂತೆ ಮುದ್ರಿಸಿಡುವುದಿಲ್ಲ. ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಮಾಲ್‌ನಲ್ಲಿ ಕಳೆದುಹೋದ ಸುಳ್ಳು ಕಥೆಯನ್ನು 24 ಮಂದಿಯಲ್ಲಿ ಸುಮಾರು ಕಾಲು ಭಾಗದಷ್ಟು ಜನ ತಮ್ಮದೇ ನೆನಪೆಂದು ಪೂರ್ಣವಾಗಿಯೋ ಭಾಗಶಃವೋ ನಂಬಿದ್ದರು. ದಿನಗಟ್ಟಲೆ ಒಂದೇ ಆರೋಪವನ್ನು ಕೇಳಿಸಿಕೊಂಡು ಅದನ್ನೇ ಚಿತ್ರಿಸಿಕೊಂಡ ವ್ಯಕ್ತಿಯ ತಲೆಗೆ ಟೋಪಿ ತೊಡಿಸಿದರೆ ಯಾವ ಅಲೆ ಏಳಬೇಕು?

ಒಪ್ಪಿಗೆಯ ಪ್ರಶ್ನೆ

ಸೆಲ್ವಿ ತೀರ್ಪು ಪೂರ್ತಿ ನಿಂತಿರುವುದು 'ಒಪ್ಪಿಗೆ' ಎಂಬ ಒಂದೇ ಪದದ ಮೇಲೆ. ಅದನ್ನು ನೀಡುವುದೂ ಅದೇ ನರಮಂಡಲ, ಬಂಧನದಲ್ಲಿರುವ ನರಮಂಡಲ. ಅಮೆರಿಕದಲ್ಲಿ 88 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. ಕಂಪ್ಯೂಟರಿನಲ್ಲಿ ಒತ್ತಬಾರದ ಕೀಲಿಯನ್ನು ಒತ್ತಿದ್ದೀರೆಂದು ಅವರ ಮೇಲೆ ಸುಳ್ಳು ಆಪಾದನೆ ಹೊರಿಸಿ ಹೇಳಿಕೆಗೆ ಸಹಿ ಕೇಳಲಾಯಿತು. ನಿದ್ದೆ ಮಾಡಿದವರಲ್ಲಿ ಮೊದಲ ಬಾರಿಗೇ ಸಹಿ ಹಾಕಿದವರು ಶೇ 18. ರಾತ್ರಿಯಿಡೀ ಎಚ್ಚರವಿದ್ದವರಲ್ಲಿ ಶೇ 50. ಬೆದರಿಕೆಯಿಲ್ಲ, ಲಾಠಿಯಿಲ್ಲ, ಒಂದು ರಾತ್ರಿಯ ನಿದ್ದೆ ಮಾತ್ರ ಇರಲಿಲ್ಲ.

ಇತ್ತ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ತೆರಳಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ರಕ್ತದ ಕಲೆ, ಬೆರಳಚ್ಚು, ಡಿಎನ್ಎಗಳ ಈ ದಾರಿ ಶ್ರಮದ್ದು. ಮಂಪರು ಪರೀಕ್ಷೆಯ ಆಕರ್ಷಣೆಗೆ ಅದೂ ಒಂದು ಕಾರಣ.

ಸೆಲ್ವಿ ತೀರ್ಪು ಕಡ್ಡಾಯಗೊಳಿಸಿರುವ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ, ವಕೀಲರ ಸಮಕ್ಷಮ ದಾಖಲಿಸಬೇಕು. ಬಂಧನದ ಅವಧಿ ಮತ್ತು ವಿಚಾರಣೆಯ ಸ್ವರೂಪವನ್ನೂ ಮ್ಯಾಜಿಸ್ಟ್ರೇಟರು ಪರಿಗಣಿಸಬೇಕು. ಆರೋಪಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ದ ಎಂದು ಕೇಳಲು ಆ ಒಂದು ಸಾಲೇ ಸಾಕಷ್ಟು ಅವಕಾಶ ನೀಡುತ್ತದೆ.