ಕಾರಿನ ಮೇಲಿನ ನೀರಹನಿ ಹೇಳುವುದೇನು?

ಕಳೆದ ಮಳೆಗಾಲದ ಆರಂಭದಲ್ಲಿ ಒಂದು ಸಂಜೆ, ಪ್ರಯೋಗಶಾಲೆಯ ಕೆಲಸ ಮುಗಿದ ಮೇಲೆ, ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಮೇಲೆ ಒಂದು ಸೀಸೆಯನ್ನು ತಂದಿಟ್ಟ. ನಮ್ಮ ಮನೆಗಳಲ್ಲಿ ಕಿಟಕಿಯ ಗಾಜು ಒರಸಲು ಬಳಸುವಂಥ ತುಂತುರು ಸೀಸೆಯೇ ಅದು. ಆದರೆ ಅದರ ಮೇಲಿನ ಚೀಟಿಯಲ್ಲಿ ‘ಸಿರಾಮಿಕ್’ ಎಂದೂ, ‘9 ಎಚ್’ ಎಂದೂ ದಪ್ಪಕ್ಷರಗಳಿದ್ದವು. “ಸಾರ್, ಇದನ್ನು ಮನೆಯಲ್ಲೇ ಕಾರಿಗೆ ಹೊಡೆದು ಬಟ್ಟೆಯಿಂದ ಒರಸಿದರೆ ಬಣ್ಣದ ಮೇಲೆ ಗಾಜಿನಂಥ ಕವಚ ಬರುತ್ತದಂತೆ. ಆಮೇಲೆ ಗೀರು ಬೀಳುವುದೇ ಇಲ್ಲವಂತೆ. ನಿಜವೆ?” ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ತನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದ. ಕಾರಿನ ಬಾನೆಟ್ಟಿನ ಮೇಲೆ ಸುರಿದ ನೀರು ಮುತ್ತುಗಳಂತೆ ಹನಿಗಟ್ಟಿ ಉರುಳಿಹೋಗುತ್ತಿತ್ತು. “ನೋಡಿ ಸಾರ್, ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?”

ಬೇಕು ಎಂಬುದೇ ಈ ಲೇಖನದ ವಾದ. ಆ ಚಿತ್ರ ಸುಳ್ಳಲ್ಲ. ಆದರೆ ಅದು ಸತ್ಯವಾದ ಒಂದು ಸಂಗತಿಯನ್ನು ತೋರಿಸಿ ಅದಕ್ಕೆ ಸಂಬಂಧವಿಲ್ಲದ ಇನ್ನೊಂದನ್ನು ನಂಬಿಸುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಇಂಥ ಕಡೆ ಸೋಲುವುದನ್ನು ಕಂಡಾಗ ನನಗೆ ಪರೀಕ್ಷೆಯ ಅಂಕಗಳು ಕಡಮೆಯಾದಾಗ ಆಗುವುದಕ್ಕಿಂತ ಹೆಚ್ಚು ಬೇಸರವಾಗುತ್ತದೆ.

ಮೊದಲು ಹನಿಯನ್ನೇ ವಿಚಾರಿಸೋಣ. ಒಂದು ಮೇಲ್ಮೈಯನ್ನು ನೀರಿನ ಹನಿ ಯಾವ ಕೋನದಲ್ಲಿ ಮುಟ್ಟುತ್ತದೆಯೋ ಅದಕ್ಕೆ ಸ್ಪರ್ಶಕೋನವೆಂದು ಹೆಸರು. ಈ ಕೋನವನ್ನು ನಿರ್ಧರಿಸುವ ಬಲಗಳ ಲೆಕ್ಕವನ್ನು 1805ರಷ್ಟು ಹಿಂದೆಯೇ ಥಾಮಸ್ ಯಂಗ್ ವಿವರಿಸಿದನು. ನೀರಿನ ಅಣುಗಳು ತಮ್ಮತಮ್ಮೊಳಗೆ ಸೆಳೆದುಕೊಳ್ಳುವ ಬಲ ಒಂದು ಕಡೆ. ಮೇಲ್ಮೈ ಅವುಗಳನ್ನು ಸೆಳೆಯುವ ಬಲ ಇನ್ನೊಂದು ಕಡೆ. ಶುಭ್ರವಾದ ಗಾಜು ನೀರನ್ನು ಬಲವಾಗಿ ಸೆಳೆಯುವುದರಿಂದ ಹನಿ ಅಲ್ಲಿ ಹರಡಿ ಪದರವಾಗುತ್ತದೆ. ಮೇಣದಂಥ ವಸ್ತು ಹಾಗೆ ಸೆಳೆಯಲಾರದು. ಅಲ್ಲಿ ಕೋನವು 90 ಡಿಗ್ರಿಯನ್ನು ದಾಟಿ ಹನಿ ಗುಂಡಗಾಗುತ್ತದೆ. ನುಣುಪಾದ ಮೇಲ್ಮೈಯ ಮೇಲೆ, ಅದು ಎಂಥ ರಾಸಾಯನಿಕವೇ ಆಗಿರಲಿ, ಈ ಕೋನ ಸುಮಾರು 120 ಡಿಗ್ರಿಗಿಂತ ಹೆಚ್ಚಾಗಲಾರದು. ತಾವರೆ ಎಲೆಯ ಮೇಲೆ ಅದು 150 ಡಿಗ್ರಿಯನ್ನೂ ಮೀರುವುದು ಮೇಣದಿಂದ ಮಾತ್ರವಲ್ಲ, ಎಲೆಯ ಮೇಲಿನ ಸೂಕ್ಷ್ಮವಾದ ಉಬ್ಬುತಗ್ಗುಗಳಿಂದ. ಇದನ್ನು ಬಾರ್ಟ್‌ಲಾಟ್ ಮತ್ತು ನೈನ್‌ಹೂಯಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿಗಳು 1997ರಲ್ಲಿ ವಿಶದಪಡಿಸಿದರು. ನಮ್ಮ ಹಳ್ಳಿಯ ಮಕ್ಕಳು ಕೆಸುವಿನ ಎಲೆಯ ಮೇಲೆ ನೀರನ್ನು ಉರುಳಿಸಿ ಆಡುವಾಗ ಇದೇ ಪ್ರಯೋಗವನ್ನು ಮಾಡುತ್ತಿರುತ್ತಾರೆ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಸ್ಪರ್ಶಕೋನವು ಮೇಲ್ಮೈಯ ಅತ್ಯಂತ ಹೊರಗಿನ ಕೆಲವೇ ಅಣುಪದರಗಳ ಗುಣ. ಅದರ ಕೆಳಗೆ ಏನಿದೆ, ಎಷ್ಟು ದಪ್ಪವಿದೆ, ಎಷ್ಟು ಗಟ್ಟಿಯಿದೆ ಎಂಬುದನ್ನು ಹನಿ ಅರಿಯದು. ಒಂದು ಗಾಜಿನ ಚೂರಿಗೆ ಮೋಂಬತ್ತಿಯನ್ನು ಉಜ್ಜಿ ನೀರು ಹಾಕಿದರೂ ಅದೇ ಮುತ್ತುಗಳು ಮೂಡುತ್ತವೆ. ಆದರೆ ಮೋಂಬತ್ತಿ ಉಜ್ಜಿದ ಗಾಜು ಮೊಳೆಯ ಗೀರಿನಿಂದ ಪಾರಾಗುತ್ತದೆಂದು ಯಾರೂ ಹೇಳರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಈ ಕವಚದ ದಪ್ಪವೆಷ್ಟು? ಇದನ್ನು ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ನನು ಲಂಡನ್ನಿನ ಕ್ಲಾಪ್‌ಹ್ಯಾಮ್ ಕೊಳದಲ್ಲಿ ಒಂದು ಟೀ ಚಮಚೆಯಷ್ಟು ಎಣ್ಣೆಯನ್ನು ಸುರಿದು, ಅದು ಸುಮಾರು ಅರ್ಧ ಎಕರೆಗೆ ಹರಡಿ ಅಲೆಗಳನ್ನು ಅಡಗಿಸಿದ್ದನ್ನು ಕಂಡು, 1774ರಲ್ಲಿ ಪ್ರಕಟಿಸಿದನು. ಎಣ್ಣೆಯ ಗಾತ್ರವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ಪದರದ ದಪ್ಪ ಬರುತ್ತದೆ. ಆ ಭಾಗಾಕಾರವನ್ನು ಅವನು ಮಾಡಲಿಲ್ಲ, ಮಾಡಿದ್ದರೆ ಅಣುವಿನ ಅಳತೆಯ ಸಮೀಪಕ್ಕೆ ಬಂದಿರುತ್ತಿದ್ದನು. ನಾವು ಅದನ್ನು ಕಾರಿಗೆ ಮಾಡೋಣ. ಸಣ್ಣ ಕಾರಿನ ಬಣ್ಣದ ಮೈ ಸುಮಾರು 10 ಚದರ ಮೀಟರ್ ಎಂದಿಟ್ಟುಕೊಳ್ಳಿ. ಅದಕ್ಕೆ 50 ಮಿಲಿಲೀಟರ್ ದ್ರವ ಖರ್ಚಾಗಲಿ. ದ್ರವದ ಬಹುಭಾಗ ನೀರು ಅಥವಾ ಆವಿಯಾಗುವ ದ್ರಾವಕ. ಉಳಿದು ಪದರವಾಗುವ ಅಂಶ ನೂರಕ್ಕೆ 5ರಷ್ಟಿದೆಯೆಂದು ಉದಾರವಾಗಿಯೇ ಭಾವಿಸೋಣ. ಆಗ 2.5 ಘನ ಸೆಂಟಿಮೀಟರ್ ವಸ್ತು ಒಂದು ಲಕ್ಷ ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ದಪ್ಪ ಕಾಲು ಮೈಕ್ರಾನ್. ಇದರಲ್ಲಿಯೂ ಒಂದು ಪಾಲು ಒರಸುವ ಬಟ್ಟೆಗೆ ಸೇರಿಹೋಗುವುದು.

ಇನ್ನು ಕಾರ್ಖಾನೆಯಿಂದ ಬಂದ ಬಣ್ಣವನ್ನು ನೋಡಿ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಅಸ್ತರಿ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂದು ಕರೆಯುವ ಪಾರದರ್ಶಕ ಲೇಪ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಪಾರದರ್ಶಕ ಲೇಪವೊಂದೇ ಸುಮಾರು 40 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರುವ ರಾಸಾಯನಿಕಗಳು ಈ ಲೇಪದಲ್ಲಿಯೇ ಇರುತ್ತವೆ. ಅಂದಮೇಲೆ ನಮ್ಮ ತುಂತುರು ಕವಚವು ಅದಾಗಲೇ ಇರುವ ಕವಚದ 160ನೇ ಒಂದು ಭಾಗ! ಕಿರಣಗಳ ಹೀರುವಿಕೆ ದಪ್ಪವನ್ನು ಅವಲಂಬಿಸುವುದರಿಂದ, ಇಷ್ಟು ತೆಳುವಾದ ಪದರ ಬಿಸಿಲನ್ನು ತಡೆಯುತ್ತದೆಂಬುದು ಕೊಡೆಯ ಮೇಲೆ ಜರಡಿ ಹಿಡಿದಂಥ ಮಾತು.

‘9 ಎಚ್’ ಎಂಬ ಗುರುತಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಖನಿಜಗಳ ಕಾಠಿಣ್ಯವನ್ನು ಅಳೆಯಲು ಫ್ರೆಡರಿಕ್ ಮೋಸ್ 1812ರಲ್ಲಿ ರಚಿಸಿದ ಪಟ್ಟಿಯನ್ನು ಪ್ರೌಢಶಾಲೆಯಲ್ಲಿ ಓದಿದ ನಾವು, 9 ಎಂದ ಕೂಡಲೇ ವಜ್ರಕ್ಕೆ ಒಂದೇ ಮೆಟ್ಟಲು ಕೆಳಗಿನ ಕುರುಂದವನ್ನು ನೆನೆಯುತ್ತೇವೆ. ಆದರೆ ಈ ‘ಎಚ್’ ಪೆನ್ಸಿಲಿನದು! ಎಚ್.ಬಿ., 2 ಎಚ್ ಎಂದು ಚಿತ್ರ ಬರೆಯಲು ಕೊಳ್ಳುವ ಪೆನ್ಸಿಲುಗಳ ಸಾಲಿನಲ್ಲಿ 9 ಎಚ್ ಅತ್ಯಂತ ಗಟ್ಟಿಯಾದುದು. ಅದನ್ನು ನಿಗದಿಯಾದ ಭಾರದಲ್ಲಿ 45 ಡಿಗ್ರಿ ಓರೆಯಾಗಿ ಲೇಪದ ಮೇಲೆ ತಳ್ಳಿದಾಗ ಗುರುತು ಬೀಳದಿದ್ದರೆ ಲೇಪ ಪರೀಕ್ಷೆಯಲ್ಲಿ ಪಾಸು. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಯ ಮಿಶ್ರಣವಷ್ಟೆ. ಅಲ್ಲದೆ ಗಾಜಿನ ತಟ್ಟೆಯ ಮೇಲೆ ಕಾಲು ಮೈಕ್ರಾನಿನ ಪದರವನ್ನು ಹಚ್ಚಿ ಪೆನ್ಸಿಲಿನಿಂದ ಒತ್ತಿದರೆ ಪರೀಕ್ಷೆಗೊಳಗಾಗುವುದು ಪದರವೋ ಗಾಜೋ? ಹಾಳೆಯನ್ನು ಕಲ್ಲಿನ ಮೇಲಿಟ್ಟು ಗುದ್ದಿ, ಹಾಳೆ ಗಟ್ಟಿಯೆಂದಂತಾಗುತ್ತದೆ.

ಕಾರಿಗೆ ಗೀರು ಹಾಕುವ ಶತ್ರುವಂತೂ ಪೆನ್ಸಿಲಲ್ಲ, ಧೂಳು. ಹಳೆಯ ಮೈಸೂರು ಸೀಮೆಯ ನೆಲ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳದು; ಅವು ಸವೆದಾಗ ಉಳಿಯುವ ಬೆಣಚುಕಲ್ಲಿನ ಕಣಗಳು ನಮ್ಮ ಬೀದಿಯ ಧೂಳಿನಲ್ಲಿ ಧಾರಾಳವಾಗಿವೆ. ಮೋಸ್ ಪಟ್ಟಿಯಲ್ಲಿ ಬೆಣಚಿನ ಸ್ಥಾನ 7. ಸಾಧಾರಣ ಉಕ್ಕಿನ ಚಾಕುವಿಗೂ ಅದು ಗೀರು ಹಾಕಬಲ್ಲದು. ಈ ಕಣಗಳು ಕಾರಿನ ಮೇಲೆ ಸುಮ್ಮನೆ ಕುಳಿತಿದ್ದರೆ ಅಪಾಯವಿಲ್ಲ. ಅಪಾಯ ಬರುವುದು ಬೆಳಗ್ಗೆ ಆರು ಗಂಟೆಗೆ, ಒಂದು ಒಣಬಟ್ಟೆಯ ರೂಪದಲ್ಲಿ! ನಮ್ಮ ನಗರಗಳ ಯಾವ ಬೀದಿಯಲ್ಲಾದರೂ ನೋಡಿ. ಅರ್ಧ ಬಕೆಟ್ ಕದಡಿದ ನೀರು, ಹತ್ತು ಕಾರು ಒರಸಿದ ಒಂದೇ ಬಟ್ಟೆ. ಮಾಲೀಕರು ಹೊಳಪಿಗಾಗಿ ಸಂಬಳ ಕೊಟ್ಟು ಉಪ್ಪುಕಾಗದವನ್ನು ಉಜ್ಜಿಸುತ್ತಿದ್ದಾರೆ. ಒರಸುವ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಎರಡನೆಯ ಬಕೆಟ್ಟನ್ನೂ ಸಾಕಷ್ಟು ನೀರನ್ನೂ ಯಾರು ಕೊಟ್ಟಿದ್ದಾರೆ?

ಇದರ ಫಲವನ್ನು ಕಾಣಬೇಕಾದರೆ ರಾತ್ರಿ ಒಂದು ಕಪ್ಪು ಕಾರಿನ ಮೈಯಲ್ಲಿ ಬೀದಿದೀಪದ ಪ್ರತಿಬಿಂಬವನ್ನು ನೋಡಿರಿ. ದೀಪದ ಸುತ್ತ ಜೇಡನ ಬಲೆಯಂತೆ ವರ್ತುಲಗಳು ಕಾಣುತ್ತವೆ. ಬಟ್ಟೆಯನ್ನು ಸುತ್ತಸುತ್ತಿ ಒರಸಿದ್ದರಿಂದ ಹೀಗಾಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ನೀವು ತಲೆಯನ್ನು ಪಕ್ಕಕ್ಕೆ ಸರಿಸಿದರೆ ದೀಪದ ಪ್ರತಿಬಿಂಬದೊಡನೆ ವರ್ತುಲಗಳೂ ಸರಿಯುತ್ತವೆ! ಗೀರುಗಳು ಕಾರಿನಲ್ಲಿ ಕೊರೆದಿರುವಾಗ ಅವು ಚಲಿಸುವುದೆಂತು? ನಿಜವೇನೆಂದರೆ ಗೀರುಗಳು ಎಲ್ಲ ಕಡೆಯೂ, ಎಲ್ಲ ದಿಕ್ಕಿಗೂ ಇವೆ. ಪ್ರತಿಯೊಂದು ಗೀರೂ ತನಗೆ ಅಡ್ಡಲಾಗಿ ಮಾತ್ರ ಬೆಳಕನ್ನು ಚದರಿಸುವುದರಿಂದ, ಪ್ರತಿಬಿಂಬದಿಂದ ಹೊರಟ ಗೆರೆಗೆ ಲಂಬವಾಗಿರುವ ಗೀರುಗಳಷ್ಟೇ ನಮ್ಮ ಕಣ್ಣಿಗೆ ಬೆಳಕನ್ನು ಕಳುಹಿಸುತ್ತವೆ. ಅವೆಲ್ಲ ಸೇರಿ ವರ್ತುಲದ ಭ್ರಮೆಯನ್ನುಂಟುಮಾಡುತ್ತವೆ. ಬೆಳಕಿನ ಪಾಠಕ್ಕೆ ಇದಕ್ಕಿಂತ ಅಗ್ಗವಾದ ಉಪಕರಣ ನನಗೆ ಸಿಕ್ಕಿಲ್ಲ.

ಬರಿಯ ವಾದ ಸಾಲದೆಂದು ನಾನೂ ಆ ಸೀಸೆಯನ್ನು ಬಳಸಿ ನೋಡಿದೆ. ನನ್ನದು ಹತ್ತು ವರ್ಷ ಹಳೆಯ ಕಡುನೀಲಿ ಕಾರು. ಜೂನ್ ತಿಂಗಳ ಒಂದು ಭಾನುವಾರ ಅದನ್ನು ನೆರಳಿನಲ್ಲಿ ತೊಳೆದು ಒಣಗಿಸಿ, ಬಾನೆಟ್ಟಿನ ನಡುವೆ ಅಂಟುಪಟ್ಟಿ ಹಚ್ಚಿ, ಒಂದು ಅರ್ಧಕ್ಕೆ ಮಾತ್ರ ಲೇಪಿಸಿದೆ. ಯಾವ ಅರ್ಧವೆಂದು ಯಾರಿಗೂ ತಿಳಿಸಲಿಲ್ಲ. ಮೊದಲ ಮಳೆಗೆ ಗುಟ್ಟು ರಟ್ಟಾಯಿತು. ಒಂದು ಕಡೆ ಮುತ್ತು, ಇನ್ನೊಂದು ಕಡೆ ಚಪ್ಪಟೆಯಾದ ನೀರು. ದಸರೆಯ ಹೊತ್ತಿಗೆ ಎರಡೂ ಕಡೆ ಹೆಚ್ಚುಕಡಮೆ ಒಂದೇ ಆಗಿತ್ತು. ಟಾರ್ಚಿನ ಬೆಳಕಿನಲ್ಲಿ ಗೀರುಗಳ ಚಿತ್ರ ತೆಗೆದು ಸಹೋದ್ಯೋಗಿಗಳ ಮುಂದಿಟ್ಟಾಗ ಲೇಪಿಸಿದ ಅರ್ಧ ಯಾವುದೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗಲಿಲ್ಲ. ಒಂದು ಕಾರು, ಒಂದು ಮಳೆಗಾಲ. ಇದನ್ನು ಸಿದ್ಧಾಂತವೆಂದು ಯಾರೂ ಭಾವಿಸಬಾರದು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕಾರು ತೊಳೆಯಲು ನೆರವಾಗುತ್ತಿದ್ದ ಹುಡುಗ, ಗುಟ್ಟನ್ನು ಅರಿಯದವನು, ಎರಡನೆಯ ವಾರವೇ “ಸಾರ್, ಈ ಕಡೆ ಬಟ್ಟೆ ಜಾರುತ್ತೆ, ಕೆಸರು ಬೇಗ ಬಿಡುತ್ತೆ” ಎಂದ. ಅವನು ತೋರಿಸಿದ್ದು ಲೇಪಿಸಿದ ಅರ್ಧವನ್ನೇ.

ಈ ಸೀಸೆಯ ನಿಜವಾದ ಗುಣ ಅದು. ಕೊಳೆ ಗಟ್ಟಿಯಾಗಿ ಹಿಡಿಯದು, ಘರ್ಷಣೆ ತಗ್ಗುತ್ತದೆ, ಹಕ್ಕಿಯ ಹಿಕ್ಕೆಯನ್ನು ಬೇಗ ತೊಳೆದುಬಿಡಬಹುದು. ಕಡಮೆ ಉಜ್ಜಿದಷ್ಟೂ ಕಡಮೆ ಗೀರು. ಹಾಗೆಂದೇ ಹೇಳಿ ಮಾರಿದರೆ ನಾನೂ ಸಂತೋಷದಿಂದ ಕೊಳ್ಳುವೆನು.

ಹನಿಗಟ್ಟುವುದರಿಂದ ಒಂದು ತೊಂದರೆಯೂ ಉಂಟು. ನಮ್ಮ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು. ಅಂಥ ನೀರಿನ ಹನಿ ಬಿಸಿಲಿನಲ್ಲಿ ಒಣಗಿದರೆ ಅದರಲ್ಲಿದ್ದ ಸುಣ್ಣದ ಅಂಶವೆಲ್ಲ ಒಂದೇ ಚುಕ್ಕೆಯಲ್ಲಿ ಶೇಖರವಾಗಿ ಬಿಳಿಯ ಕಲೆಯಾಗುತ್ತದೆ. ಹನಿಯು ಭೂತಗನ್ನಡಿಯಂತೆ ಬಿಸಿಲನ್ನು ಕೇಂದ್ರೀಕರಿಸಿ ಬಣ್ಣವನ್ನು ಸುಡುತ್ತದೆಂದು ಕೆಲವರು ವಿವರಿಸುವುದುಂಟು, ಅದು ಸರಿಯಲ್ಲ. ಅರ್ಧಗೋಲದಂಥ ನೀರಹನಿಯ ನಾಭಿದೂರ ಅದರ ತ್ರಿಜ್ಯದ ಮೂರರಷ್ಟು; ನಾಭಿಯು ಬಣ್ಣದ ಮೇಲಲ್ಲ, ಬಹಳ ಕೆಳಗೆ ಬೀಳಬೇಕಾಗುತ್ತದೆ. ಎಲೆಗಳ ವಿಷಯದಲ್ಲಿ ಇದೇ ನಂಬಿಕೆಯನ್ನು ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ಪರೀಕ್ಷಿಸಿ, ನುಣುಪಾದ ಎಲೆಗಳು ಹನಿಗಳಿಂದ ಸುಡುವುದಿಲ್ಲವೆಂದು ತೋರಿಸಿದರು.

ಇಷ್ಟೆಲ್ಲ ಹಣದ ಮಾತು. ದೇಹಕ್ಕೆ ಸಂಬಂಧಿಸಿದ ಮಾತು ಇದಕ್ಕಿಂತ ಮುಖ್ಯ. 2006ರ ಮಾರ್ಚ್ ತಿಂಗಳಲ್ಲಿ ಜರ್ಮನಿಯಲ್ಲಿ ಗಾಜು ಮತ್ತು ಪಿಂಗಾಣಿಗೆ ರಕ್ಷಣೆ ಕೊಡುವ ಒಂದು ತುಂತುರು ಡಬ್ಬಿಯನ್ನು ಮನೆಯೊಳಗೆ ಬಳಸಿದ ಸುಮಾರು ನೂರು ಮಂದಿ ಕೆಮ್ಮು, ಉಸಿರಾಟದ ತೊಂದರೆಗಳಿಗೆ ತುತ್ತಾದರು. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಯಿತು. ಹೆಸರಿನಲ್ಲಿ ‘ನ್ಯಾನೋ’ ಇದ್ದ ಆ ವಸ್ತುವಿನಲ್ಲಿ ನ್ಯಾನೋ ಕಣಗಳೇ ಇರಲಿಲ್ಲವೆಂದು ಆಮೇಲೆ ತಿಳಿದುಬಂತು! ಕೈಯಿಂದ ಒತ್ತುವ ಪಂಪಿನ ಸೀಸೆಯಲ್ಲಿ ಮಾರಿದಾಗ ಇಂಥ ತೊಂದರೆ ವರದಿಯಾಗಿರಲಿಲ್ಲ. ವ್ಯತ್ಯಾಸ ಹನಿಯ ಗಾತ್ರದಲ್ಲಿದೆ. ಒತ್ತಡದ ಅನಿಲವಿರುವ ಡಬ್ಬಿಯು ಬಹು ಸೂಕ್ಷ್ಮವಾದ ಮಂಜನ್ನು ಎಬ್ಬಿಸುತ್ತದೆ. 10 ಮೈಕ್ರಾನಿಗಿಂತ ಸಣ್ಣ ಹನಿಗಳು ಮೂಗು ಗಂಟಲುಗಳನ್ನು ದಾಟಿ ಒಳಕ್ಕೆ ಇಳಿಯಬಲ್ಲವು. ನೀರನ್ನು ದೂಡುವ ವಸ್ತು ಗಾಜಿಗೆ ಹಿತವಾದರೂ ತೇವದ ಪೊರೆಯಿಂದಲೇ ಜೀವಿಸುವ ಶ್ವಾಸಕೋಶಕ್ಕೆ ಹಿತವಲ್ಲ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಹೊಡೆಯಕೂಡದು. ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ, ಕಾರಿನ ಮೇಲಲ್ಲದೆ ಬಟ್ಟೆಯ ಮೇಲೆ ಹೊಡೆದು ಒರಸುವುದು ಒಳ್ಳೆಯದು.

ಬಟ್ಟೆಯ ಮೇಲೆ ಹೊಡೆಯಲು ಇನ್ನೊಂದು ಕಾರಣವಿದೆ. ಈಗ ನಮ್ಮ ವಿದ್ಯಾರ್ಥಿಗಳು ಇದನ್ನು ಮೋಟಾರ್ ಸೈಕಲ್ಲುಗಳಿಗೂ ಬಳಸತೊಡಗಿದ್ದಾರೆ. ಅದರ ಟ್ಯಾಂಕಿಗೂ ಮುಂದಿನ ಚಕ್ರದ ಬ್ರೇಕ್ ಡಿಸ್ಕಿಗೂ ಇರುವ ದೂರವೆಷ್ಟು? ಘರ್ಷಣೆಯನ್ನು ತಗ್ಗಿಸಲೆಂದೇ ಇರುವ ವಸ್ತು, ಘರ್ಷಣೆಯಿಂದಲೇ ಕೆಲಸ ಮಾಡಬೇಕಾದ ಡಿಸ್ಕಿನ ಮೇಲೆ ಕುಳಿತರೆ ಆಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೈರಿನ ಮೇಲೂ ಕೂಡದು.

ತಯಾರಕರಿಂದ ನಾನು ಬಯಸುವುದು ಬಹಳವಲ್ಲ. ಚೀಟಿಯ ಮೇಲೆ ‘9 ಎಚ್’ ಬದಲು ಒರಸಿದ ನಂತರ ಉಳಿಯುವ ಪದರದ ದಪ್ಪವನ್ನು ಮೈಕ್ರಾನಿನಲ್ಲಿ ಬರೆಯಲಿ. ಪರೀಕ್ಷೆ ನಡೆದದ್ದು ಗಾಜಿನ ಮೇಲೋ ಕಾರಿನ ಬಣ್ಣದ ಮೇಲೋ ಎಂಬುದನ್ನೂ ಬರೆಯಲಿ. ಔಷಧದ ಸೀಸೆಯಿಂದ ನಾವು ಅಪೇಕ್ಷಿಸುವ ಪ್ರಾಮಾಣಿಕತೆಯ ಕಾಲು ಭಾಗ ಇಲ್ಲಿದ್ದರೂ ಸಾಕು.

ಸೀಸೆ ತಂದ ವಿದ್ಯಾರ್ಥಿಗೆ ಇದನ್ನೆಲ್ಲ ವಿವರಿಸಿದೆ. ಅವನು ಕಾಲು ಮೈಕ್ರಾನಿನ ಲೆಕ್ಕವನ್ನು ಎರಡು ಬಾರಿ ತಾನೇ ಮಾಡಿ ನೋಡಿ, ನೂರಕ್ಕೆ 5 ಎಂಬ ನನ್ನ ಊಹೆಯನ್ನು ಒಪ್ಪದೆ, ಅಳತೆ ಮಾಡಿದ ದ್ರವವನ್ನು ಗಾಜಿನ ತಟ್ಟೆಯಲ್ಲಿ ಆವಿಯಾಗಿಸಿ ತೂಗಿದರೆ ತಿಳಿಯುವುದಲ್ಲವೆ ಎಂದು ಕೇಳಿದ. ರಸಾಯನಶಾಸ್ತ್ರ ವಿಭಾಗದ ಸೂಕ್ಷ್ಮ ತಕ್ಕಡಿಯನ್ನು ಮುಂದಿನ ಶನಿವಾರಕ್ಕೆ ಕೇಳಿಟ್ಟಿದ್ದೇವೆ.